ಮನೆಯ ಹೀಟರ್‌ಗೆ ಪ್ರೊಪೇನ್ ಪೂರೈಕೆ ಮಾರ್ಗ

ಪ್ರೊಪೇನ್ ಪೂರೈಕೆ ಮಾರ್ಗ ಎಂದರೆ ಮನೆಯ ಹೊರಗಿನ ಟ್ಯಾಂಕಿನಿಂದ ಒಳಗಿನ ಹೀಟರಿನ ಬರ್ನರ್‌ವರೆಗೆ ಪ್ರೊಪೇನ್ ಅನಿಲವನ್ನು ಒಯ್ಯುವ ಪೈಪು, ರೆಗ್ಯುಲೇಟರ್ ಮತ್ತು ವಾಲ್ವ್‌ಗಳ ಒಟ್ಟು ವ್ಯವಸ್ಥೆ. ಅಮೆರಿಕ ಮತ್ತು ಕೆನಡಾಗಳ ಹಳ್ಳಿಗಾಡಿನಲ್ಲಿ, ನೈಸರ್ಗಿಕ ಅನಿಲದ ಕೊಳವೆ ತಲುಪದ ಕಡೆಗಳಲ್ಲಿ, ಚಳಿಗಾಲದ ಬದುಕು ಬಹುಮಟ್ಟಿಗೆ ಇದನ್ನೇ ನೆಚ್ಚಿಕೊಂಡಿದೆ. ಅಮೆರಿಕದ ನೂರು ಮನೆಗಳಲ್ಲಿ ಸುಮಾರು 5 ಮನೆಗಳಿಗೆ ಪ್ರೊಪೇನೇ ಮುಖ್ಯ ತಾಪನ ಇಂಧನ. ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್, ಸೌತ್ ಡಕೋಟಾದಂಥ ಶೀತ ರಾಜ್ಯಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಮಾರ್ಗದ ಉದ್ದ ಕೆಲವೊಮ್ಮೆ ಮೂವತ್ತು ಅಡಿಯೂ ಇರುವುದಿಲ್ಲ. ಆದರೂ ಅದನ್ನು ಹಾಕುವ ಕೆಲಸಕ್ಕೆ ವಿವರವಾದ ಸಂಹಿತೆಗಳಿವೆ, ಪರವಾನಗಿಗಳಿವೆ, ಪರೀಕ್ಷೆಗಳಿವೆ. ಅಲ್ಲಿನ ಪ್ರತಿಯೊಂದು ನಿಯಮದ ಹಿಂದೆಯೂ ಆ ಅನಿಲದ ಒಂದು ಗುಣವೋ, ಯಾವುದೋ ಅಪಘಾತ ಕಲಿಸಿದ ಪಾಠವೋ ಇದೆ.

ಹಿನ್ನೆಲೆ

1910ರಲ್ಲಿ ಅಮೆರಿಕದ ಗಣಿ ಇಲಾಖೆಯ ರಸಾಯನಶಾಸ್ತ್ರಜ್ಞ ವಾಲ್ಟರ್ ಸ್ನೆಲಿಂಗ್ ಅವರ ಮುಂದೆ ಒಂದು ದೂರು ಬಂತು: ಕೊಂಡು ತಂದ ಗ್ಯಾಸೊಲಿನ್ ಇಟ್ಟಲ್ಲೇ ಆವಿಯಾಗಿ ಕಡಿಮೆಯಾಗುತ್ತಿದೆ. ಸ್ನೆಲಿಂಗ್ ಆ ಆವಿಯನ್ನು ಬೇರ್ಪಡಿಸಿ ನೋಡಿದಾಗ ಅದರಲ್ಲಿ ಪ್ರೊಪೇನ್ ಇರುವುದು ತಿಳಿಯಿತು. ಒತ್ತಡಕ್ಕೆ ಒಳಪಡಿಸಿದರೆ ಅದು ದ್ರವವಾಗಿ ಪಾತ್ರೆಯಲ್ಲಿ ನಿಲ್ಲುತ್ತದೆ, ಒತ್ತಡ ತೆಗೆದರೆ ಮತ್ತೆ ಅನಿಲವಾಗುತ್ತದೆ. ಹೀಗೆ ಸಾಗಿಸಲು ಬರುವ ಇಂಧನವೊಂದು ಸಿಕ್ಕಿತು. 1913ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು.

ಬಳಕೆ ಹರಡಿದಂತೆ ನಿಯಮಗಳೂ ಬೇಕಾದವು. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಸ್ಥೆಯು (ಎನ್‌ಎಫ್‌ಪಿಎ) ದ್ರವೀಕೃತ ಪೆಟ್ರೋಲಿಯಂ ಅನಿಲದ ಕುರಿತ ತನ್ನ ಮೊದಲ ಮಾನದಂಡವನ್ನು 1932ರಲ್ಲಿ ಅಂಗೀಕರಿಸಿತು. ಇಂದು ಮನೆಯ ಮಾರ್ಗಕ್ಕೆ ಎರಡು ಸಂಹಿತೆಗಳು ಅನ್ವಯಿಸುತ್ತವೆ. ಟ್ಯಾಂಕಿನಿಂದ, ಮನೆಯ ಹೊರಗೋಡೆಯ ಮೇಲಿನ ಎರಡನೆಯ ಹಂತದ ರೆಗ್ಯುಲೇಟರ್‌ವರೆಗಿನ ಭಾಗ ಎನ್‌ಎಫ್‌ಪಿಎ 58ರ ವ್ಯಾಪ್ತಿಗೆ ಬರುತ್ತದೆ. ಅಲ್ಲಿಂದ ಮುಂದೆ ಹೀಟರ್‌ವರೆಗಿನ ಭಾಗ ಎನ್‌ಎಫ್‌ಪಿಎ 54ರ ವ್ಯಾಪ್ತಿಗೆ. ಕೆನಡಾದಲ್ಲಿ ಮನೆಯೊಳಗಿನ ಅಳವಡಿಕೆಗೆ ಸಿಎಸ್‌ಎ ಬಿ149.1 ಸಂಹಿತೆ ಇದೆ. ಪರವಾನಗಿ ಕೊಡುವ ಅಧಿಕಾರ ರಾಜ್ಯ ಅಥವಾ ಪ್ರಾಂತಗಳದ್ದು. ಟೆಕ್ಸಸ್‌ನಲ್ಲಿ ಈ ಹೊಣೆ ಅಲ್ಲಿನ ರೈಲ್‌ರೋಡ್ ಆಯೋಗದ್ದಾದರೆ, ಒಂಟಾರಿಯೊದಲ್ಲಿ ತಾಂತ್ರಿಕ ಮಾನದಂಡ ಮತ್ತು ಸುರಕ್ಷತಾ ಪ್ರಾಧಿಕಾರದ್ದು.

ಅನಿಲದ ಗುಣಗಳು

ಪ್ರೊಪೇನ್ ಅಣುವಿನಲ್ಲಿ ಮೂರು ಇಂಗಾಲ, ಎಂಟು ಜಲಜನಕ ಪರಮಾಣುಗಳಿವೆ. ಮಾರ್ಗದ ವಿನ್ಯಾಸವನ್ನು ನಿರ್ಧರಿಸುವ ಗುಣಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಅದರ ಕುದಿಬಿಂದು ಶೂನ್ಯಕ್ಕಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಕಡುಚಳಿಯಲ್ಲೂ ಅದು ತಾನಾಗಿ ಆವಿಯಾಗುವುದರಿಂದ ಟ್ಯಾಂಕಿಗೆ ಪಂಪು ಬೇಕಿಲ್ಲ.

ಎರಡನೆಯದು, ಟ್ಯಾಂಕಿನ ಒತ್ತಡ ಹವೆಯೊಂದಿಗೆ ಏರಿಳಿಯುತ್ತದೆ. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚದರ ಅಂಗುಲಕ್ಕೆ ಸುಮಾರು 110 ಪೌಂಡ್ (ಪಿಎಸ್‌ಐ) ಇರುವ ಒತ್ತಡ, ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಸುಮಾರು 24ಕ್ಕೆ ಕುಸಿಯುತ್ತದೆ. 38 ಡಿಗ್ರಿಯ ಬೇಸಿಗೆಯಲ್ಲಿ 170 ದಾಟುತ್ತದೆ.

ಮೂರನೆಯದು, ಪ್ರೊಪೇನ್ ಆವಿ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲಕ್ಕೆ ಹಾರಿಹೋಗದೆ ನೀರಿನಂತೆ ತಗ್ಗು ಹುಡುಕಿಕೊಂಡು ಹೋಗುತ್ತದೆ. ನೆಲಮಾಳಿಗೆ, ಗುಂಡಿ, ಚರಂಡಿಗಳಲ್ಲಿ ಮಡುಗಟ್ಟಿ ನಿಲ್ಲುತ್ತದೆ.

ನಾಲ್ಕನೆಯದು, ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಬೆರೆತರೆ ಸಾಕು, ಕಿಡಿ ತಗುಲಿದಾಗ ಹೊತ್ತಿಕೊಳ್ಳುತ್ತದೆ. ಈ ಮಿತಿ ಸುಮಾರು 9.5 ಪಾಲಿನವರೆಗೆ ಇದೆ. ಒಂದು ಪಾಲು ದ್ರವ ಸುಮಾರು 270 ಪಾಲು ಅನಿಲವಾಗಿ ಹಿಗ್ಗುವುದರಿಂದ ದ್ರವರೂಪದ ಸಣ್ಣ ಸೋರಿಕೆಯೂ ದೊಡ್ಡ ಅಪಾಯವೇ.

ಪ್ರೊಪೇನ್‌ಗೆ ಸ್ವಂತ ಬಣ್ಣವಿಲ್ಲ, ವಾಸನೆಯಿಲ್ಲ. ಮೂಗಿಗೆ ಬಡಿಯುವ ಕೊಳೆತ ನಾತ ಈಥೈಲ್ ಮರ್ಕ್ಯಾಪ್ಟನ್ ಎಂಬ ಬೆರಕೆ ವಸ್ತುವಿನದು.

ಟ್ಯಾಂಕಿನ ಆಯ್ಕೆ ಮತ್ತು ಸ್ಥಳ

ಮನೆಬಳಕೆಯ ಟ್ಯಾಂಕುಗಳಲ್ಲಿ 100 ಪೌಂಡಿನ ಸಿಲಿಂಡರ್, 120 ಗ್ಯಾಲನ್, 500 ಗ್ಯಾಲನ್ ಮತ್ತು 1,000 ಗ್ಯಾಲನ್ ಗಾತ್ರದವು ಸಾಮಾನ್ಯ. ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕಾದ್ದರಿಂದ ಯಾವ ಟ್ಯಾಂಕನ್ನೂ ನೂರಕ್ಕೆ 80ರಷ್ಟು ಮಾತ್ರ ತುಂಬಿಸುತ್ತಾರೆ. ಒಂದು ಗ್ಯಾಲನ್ ಪ್ರೊಪೇನ್ ಸುಮಾರು 91,500 ಬಿಟಿಯು (ಬ್ರಿಟಿಷ್ ಥರ್ಮಲ್ ಯೂನಿಟ್) ಶಾಖ ಕೊಡುತ್ತದೆ. ಗಂಟೆಗೆ 80,000 ಬಿಟಿಯು ಬೇಡುವ ಫರ್ನೇಸ್ ನಿಲ್ಲದೆ ಉರಿದರೆ ಗಂಟೆಗೊಂದು ಗ್ಯಾಲನ್‌ಗಿಂತ ತುಸು ಕಡಿಮೆ ಖರ್ಚಾಗುತ್ತದೆ. 500 ಗ್ಯಾಲನ್ ಟ್ಯಾಂಕಿನಲ್ಲಿರುವ 400 ಗ್ಯಾಲನ್ ಅದಕ್ಕೆ ಸುಮಾರು 450 ಗಂಟೆ ಸಾಕಾಗುತ್ತದೆ.

ಗಾತ್ರವನ್ನು ಸಂಗ್ರಹದ ಲೆಕ್ಕದಿಂದ ಮಾತ್ರ ತೀರ್ಮಾನಿಸಲಾಗದು. ದ್ರವ ಆವಿಯಾಗಲು ಶಾಖ ಬೇಕು. ಆ ಶಾಖ ಸುತ್ತಲಿನ ಗಾಳಿಯಿಂದ, ದ್ರವ ತಾಗಿರುವ ಟ್ಯಾಂಕಿನ ಗೋಡೆಯ ಮೂಲಕ ಒಳಗೆ ಬರುತ್ತದೆ. ಚಳಿ ಹೆಚ್ಚಿದಂತೆ, ಮಟ್ಟ ಇಳಿದಂತೆ ಆವಿಯಾಗುವ ವೇಗ ಕುಗ್ಗುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಒಲೆಗೆ ಚೆನ್ನಾಗಿ ಅನಿಲ ಕೊಟ್ಟ ಸಣ್ಣ ಸಿಲಿಂಡರ್, ಜನವರಿಯ ರಾತ್ರಿ ದೊಡ್ಡ ಫರ್ನೇಸಿನ ಮುಂದೆ ಸೋಲುತ್ತದೆ. ಒಳಗೆ ಅನಿಲ ಇದ್ದರೂ ಹೊರಮೈ ಹಿಮಗಟ್ಟಿ ಜ್ವಾಲೆ ಕುಗ್ಗುತ್ತದೆ.

2013-14ರ ಚಳಿಗಾಲ ಇನ್ನೊಂದು ಪಾಠ ಕಲಿಸಿತು. ಆ ಶರತ್ಕಾಲದಲ್ಲಿ ಅಮೆರಿಕದ ಮಧ್ಯಪಶ್ಚಿಮದ ಮೆಕ್ಕೆಜೋಳ ಒದ್ದೆಯಾಗಿಯೇ ಕೊಯ್ಲಿಗೆ ಬಂದು, ಅದನ್ನು ಒಣಗಿಸಲು ಅಪಾರ ಪ್ರೊಪೇನ್ ಖರ್ಚಾಯಿತು. ಬೆನ್ನಿಗೇ ಕಡುಚಳಿ ಬಂತು. ಕಾನ್ಸಾಸ್‌ನ ಕಾನ್‌ವೇ ಸಂಗ್ರಹ ಕೇಂದ್ರದಲ್ಲಿ ಬೆಲೆ ದಿಢೀರನೆ ಏರಿತು. ಚಳಿಗೆ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳುವುದರ ಬೆಲೆ ಏನೆಂಬುದು ಸಾವಿರಾರು ಮನೆಗಳಿಗೆ ಆಗ ಅರಿವಾಯಿತು.

ಸ್ಥಳದ ವಿಷಯದಲ್ಲಿ ಸಂಹಿತೆ ಖಚಿತವಾಗಿದೆ. ನೆಲದ ಮೇಲಿನ 500 ಗ್ಯಾಲನ್ ಟ್ಯಾಂಕ್ ಮನೆಯಿಂದ ಕನಿಷ್ಠ 10 ಅಡಿ ದೂರ ಇರಬೇಕು. 1,000 ಗ್ಯಾಲನ್ ಟ್ಯಾಂಕಿಗೆ 25 ಅಡಿ. ನೆಲದಡಿ ಹೂಳುವ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ರಕ್ಷಣೆಯ ಲೇಪನವಿರುತ್ತದೆ. ಅದರೊಡನೆ ಬೇಗ ಸವೆಯುವ ಲೋಹದ ಆನೋಡನ್ನೂ ಹೂಳುತ್ತಾರೆ. ತುಕ್ಕು ಟ್ಯಾಂಕನ್ನು ಬಿಟ್ಟು ಅದನ್ನು ತಿನ್ನುತ್ತದೆ. ಹಿಮ ಹೆಚ್ಚು ಬೀಳುವೆಡೆ, ಮಾಡಿನಿಂದ ಜಾರುವ ಹಿಮದ ರಾಶಿ ರೆಗ್ಯುಲೇಟರ್ ಮತ್ತು ಪೈಪಿನ ಮೇಲೆ ಕುಸಿಯದ ಜಾಗ ಹುಡುಕುವುದೂ ಅಷ್ಟೇ ಮುಖ್ಯ.

ಒತ್ತಡ ಇಳಿಸುವ ಎರಡು ಹಂತ

ಹೀಟರಿಗೆ ಬೇಕಾದ ಒತ್ತಡ ತೀರ ಕಡಿಮೆ: ನೀರಿನ ಸ್ತಂಭದ 11 ಅಂಗುಲ, ಅಂದರೆ ಸುಮಾರು 0.4 ಪಿಎಸ್‌ಐ. ಟ್ಯಾಂಕಿನಲ್ಲಿ ಇದರ ನೂರಾರು ಪಟ್ಟು ಇರಬಹುದು, ಅದೂ ಗಂಟೆಗಂಟೆಗೆ ಬದಲಾಗುತ್ತಾ. ಒಂದೇ ರೆಗ್ಯುಲೇಟರ್ ಈ ಏರಿಳಿತವನ್ನೆಲ್ಲ ತಾನೇ ಹೊತ್ತು ಸ್ಥಿರ ಒತ್ತಡ ಕೊಡಲಾರದು. ಆದ್ದರಿಂದ ಮನೆಯ ಸ್ಥಿರ ಪೈಪು ವ್ಯವಸ್ಥೆಗೆ ಎರಡು ಹಂತದ ಇಳಿಕೆ ರೂಢಿಯಲ್ಲಿದೆ. ಟ್ಯಾಂಕಿನ ಮೇಲಿನ ಮೊದಲ ರೆಗ್ಯುಲೇಟರ್ ಒತ್ತಡವನ್ನು ಸುಮಾರು 10 ಪಿಎಸ್‌ಐಗೆ ಇಳಿಸುತ್ತದೆ. ಮನೆಯ ಹೊರಗೋಡೆಯ ಮೇಲಿನ ಎರಡನೆಯದು ಅದನ್ನು 11 ಅಂಗುಲಕ್ಕೆ ತರುತ್ತದೆ. ಟ್ಯಾಂಕಿನ ಏರಿಳಿತವನ್ನು ಮೊದಲನೆಯದು ನುಂಗಿಕೊಳ್ಳುವುದರಿಂದ ಎರಡನೆಯದರ ಕೆಲಸ ಹಗುರ, ಜ್ವಾಲೆ ಸ್ಥಿರ. ದೊಡ್ಡ ಮನೆಗಳಲ್ಲಿ ಗೋಡೆಯ ಬಳಿ 2 ಪಿಎಸ್‌ಐಗೆ ಮಾತ್ರ ಇಳಿಸಿ, ಪ್ರತಿ ಉಪಕರಣದ ಹತ್ತಿರ ಇನ್ನೊಂದು ರೆಗ್ಯುಲೇಟರ್ ಇಡುವ ಪದ್ಧತಿಯೂ ಇದೆ.

ರೆಗ್ಯುಲೇಟರಿನ ಉಸಿರಾಟಕ್ಕೆ ಒಂದು ಸಣ್ಣ ರಂಧ್ರವಿದೆ. ಮಳೆನೀರು ಒಳಹೊಕ್ಕು ಹೆಪ್ಪುಗಟ್ಟದಂತೆ ಅದರ ಬಾಯಿ ಕೆಳಮುಖವಾಗಿರಬೇಕು. ಒತ್ತಡ ಮಿತಿಮೀರಿದಾಗ ಅನಿಲ ಹೊರಬೀಳುವುದೂ ಅಲ್ಲಿಂದಲೇ. ಈ ಕಾರಣಕ್ಕೆ ಅದು ತನಗಿಂತ ಕೆಳಗಿನ ಕಿಟಕಿ, ಬಾಗಿಲುಗಳಿಂದ ಅಡ್ಡಲಾಗಿ ಕನಿಷ್ಠ 3 ಅಡಿ, ಕಿಡಿ ಹಾರುವ ಉಪಕರಣಗಳಿಂದ ಮತ್ತು ಯಂತ್ರದಿಂದ ಗಾಳಿ ಎಳೆದುಕೊಳ್ಳುವ ಕಿಂಡಿಗಳಿಂದ 5 ಅಡಿ ದೂರವಿರಬೇಕೆಂದು ನಿಯಮ.

ಪೈಪಿನ ಅಳತೆ

ಪೈಪಿನ ವ್ಯಾಸವನ್ನು ಅಂದಾಜಿನಿಂದ ಆರಿಸಬಾರದು. ಉದ್ದ ಹೆಚ್ಚಿದಂತೆ ಘರ್ಷಣೆಯಿಂದ ಒತ್ತಡ ಕುಸಿಯುತ್ತದೆ. 11 ಅಂಗುಲದ ಮಾರ್ಗದಲ್ಲಿ ಅರ್ಧ ಅಂಗುಲದಷ್ಟು ಕುಸಿತವನ್ನು ಮಾತ್ರ ಒಪ್ಪಿ ಸಂಹಿತೆಯ ಕೋಷ್ಟಕಗಳನ್ನು ರಚಿಸಿದ್ದಾರೆ. ರೆಗ್ಯುಲೇಟರಿನಿಂದ ಅತಿ ದೂರದ ಉಪಕರಣದವರೆಗಿನ ಉದ್ದವನ್ನು ಅಳೆದು, ಆ ಉದ್ದದ ಸಾಲಿನಲ್ಲೇ ಎಲ್ಲ ಭಾಗಗಳ ವ್ಯಾಸವನ್ನು ನೋಡುವುದು ಸರಳ ಕ್ರಮ.

ಒಂದು ಉದಾಹರಣೆ ನೋಡಬಹುದು. ಮನೆಯಲ್ಲಿ 80,000 ಬಿಟಿಯು ಫರ್ನೇಸ್, 40,000 ಬಿಟಿಯು ನೀರಿನ ಹೀಟರ್, 65,000 ಬಿಟಿಯು ಅಡುಗೆ ಒಲೆ ಇವೆ; ಒಟ್ಟು ಬೇಡಿಕೆ ಗಂಟೆಗೆ 1,85,000 ಬಿಟಿಯು. ಅತಿ ದೂರದ ಉಪಕರಣ 60 ಅಡಿಯಲ್ಲಿದೆ. ಅರ್ಧ ಅಂಗುಲದ ಷೆಡ್ಯೂಲ್ 40 ಉಕ್ಕಿನ ಪೈಪು ಆ ಉದ್ದಕ್ಕೆ ಸುಮಾರು 1,10,000 ಬಿಟಿಯು ಮಾತ್ರ ಸಾಗಿಸಬಲ್ಲದು, ಸಾಲದು. ಮುಕ್ಕಾಲು ಅಂಗುಲದ್ದು ಸುಮಾರು 2,31,000 ಬಿಟಿಯು ಸಾಗಿಸುತ್ತದೆ, ಸಾಕು. ಚಿಕ್ಕ ಪೈಪು ಹಾಕಿದ್ದರೆ ಅದರ ದೋಷ ಮೊದಲ ದಿನವೇ ಕಾಣಿಸುತ್ತಿರಲಿಲ್ಲ. ಫರ್ನೇಸ್, ಒಲೆ, ನೀರಿನ ಹೀಟರ್ ಮೂರೂ ಒಟ್ಟಿಗೆ ಉರಿಯುವ ಚಳಿಗಾಲದ ಮುಂಜಾನೆಯಲ್ಲಿ ಅದು ಹೊರಬೀಳುತ್ತಿತ್ತು.

ಪೈಪಿನ ಬಗೆಗಳು

ಮನೆಯೊಳಗೆ ಕಪ್ಪು ಉಕ್ಕಿನ ಪೈಪು ಹಳೆಯ, ನಂಬಿಕೆಯ ಆಯ್ಕೆ. ಥ್ರೆಡ್‌ಗಳಿಗೆ ಎಲ್‌ಪಿ ಅನಿಲಕ್ಕೆಂದೇ ತಯಾರಾದ ಪೇಸ್ಟ್ ಅಥವಾ ದಪ್ಪನೆಯ ಹಳದಿ ಟೇಪ್ ಬಳಸುತ್ತಾರೆ. ನಲ್ಲಿ ಕೆಲಸದ ತೆಳು ಬಿಳಿ ಟೇಪ್ ಇಲ್ಲಿಗೆ ಸಲ್ಲದು. ಕೆ ಅಥವಾ ಎಲ್ ದರ್ಜೆಯ ತಾಮ್ರದ ಕೊಳವೆಗೂ ಅನುಮತಿಯಿದೆ. ಅದರ ಜೋಡಣೆ ಫ್ಲೇರ್ ಫಿಟಿಂಗ್‌ನಿಂದ ಆಗಬೇಕು, ಇಲ್ಲವೇ ಹೆಚ್ಚಿನ ಶಾಖದಲ್ಲಿ ಮಾಡಿದ ಗಟ್ಟಿ ಬೆಸುಗೆಯಿಂದ. ಬೆಂಕಿಯ ಬಿಸಿಗೆ ಬೇಗ ಕರಗುವ ತವರದ ಬೆಸುಗೆಗೆ ಅವಕಾಶವಿಲ್ಲ. ಹಳದಿ ಕವಚದ, ಸುಕ್ಕುಗಟ್ಟಿದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಬಾಗುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಅದರ ಗೋಡೆ ತೆಳು. ಸಿಡಿಲಿನ ವಿದ್ಯುತ್ತು ಹಾಯ್ದರೆ ಅದರಲ್ಲಿ ರಂಧ್ರ ಬೀಳಬಹುದಾದ್ದರಿಂದ ದಪ್ಪ ತಾಮ್ರದ ತಂತಿಯಿಂದ ಅದನ್ನು ಮನೆಯ ಅರ್ತಿಂಗ್ ವ್ಯವಸ್ಥೆಗೆ ಜೋಡಿಸುವುದು ಕಡ್ಡಾಯ.

ನೆಲದಡಿ ಇಂದು ಹೆಚ್ಚಾಗಿ ಪಾಲಿಎಥಿಲೀನ್ ಪೈಪು ಹಾಕುತ್ತಾರೆ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಬಿಸಿಲಿಗೂ ಬೆಂಕಿಗೂ ಅದು ತಾಳದು. ನೆಲದ ಮೇಲೆ, ಮನೆಯೊಳಗೆ ಅದನ್ನು ಬಳಸುವಂತಿಲ್ಲ. ನೆಲದಿಂದ ಮೇಲೇಳುವ ಕಡೆ ಉಕ್ಕಿನ ಕವಚವಿರುವ ರೈಸರ್ ಹಾಕಿ ಲೋಹದ ಪೈಪಿಗೆ ಸೇರಿಸುತ್ತಾರೆ. ಕನಿಷ್ಠ ಆಳ 12 ಅಂಗುಲ. ಗುದ್ದಲಿ, ವಾಹನಗಳ ಪೆಟ್ಟು ಬೀಳುವ ಸಂಭವವಿದ್ದರೆ 18 ಅಂಗುಲ. ಪ್ಲಾಸ್ಟಿಕ್ ಪೈಪನ್ನು ಲೋಹಶೋಧಕ ಗುರುತಿಸದ ಕಾರಣ ಅದರ ಜೊತೆಯಲ್ಲೇ ಹಳದಿ ಕವಚದ ತಂತಿಯೊಂದನ್ನು ಹೂಳುತ್ತಾರೆ. ಮೇಲೆ ಎಚ್ಚರಿಕೆಯ ಪಟ್ಟಿ ಹಾಸುತ್ತಾರೆ. ಮನೆಯ ಅಡಿಪಾಯದ ಕೆಳಗೆ ಮಾರ್ಗ ಹಾಯಿಸದೆ, ಗೋಡೆಯ ಹೊರಗೆ ಮೇಲೆತ್ತಿ ನಂತರ ಒಳಕ್ಕೆ ಒಯ್ಯುವುದು ಸರಿಯಾದ ಕ್ರಮ.

ಹೀಟರಿನ ಬಳಿ

ಪ್ರತಿ ಉಪಕರಣದಿಂದ 6 ಅಡಿಯೊಳಗೆ, ಕೈಗೆಟುಕುವಂತೆ ಒಂದು ವಾಲ್ವ್ ಇರಬೇಕು. ಪೈಪಿನೊಳಗಿನ ಕಸ, ತುಕ್ಕಿನ ಪುಡಿ ಹೀಟರಿನ ವಾಲ್ವಿಗೆ ಹೋಗದಂತೆ ಕೊನೆಯಲ್ಲಿ ಕನಿಷ್ಠ 3 ಅಂಗುಲದ ಒಂದು ಕುರುಡು ತುಂಡನ್ನು ಕೆಳಮುಖವಾಗಿ ಬಿಡುತ್ತಾರೆ. ಕಸ ಅದರೊಳಗೆ ಬೀಳುತ್ತದೆ, ಅನಿಲ ಅಡ್ಡ ತಿರುಗಿ ಮುಂದೆ ಹೋಗುತ್ತದೆ.

ನೈಸರ್ಗಿಕ ಅನಿಲದ ಹೀಟರನ್ನು ಹಾಗೆಯೇ ಪ್ರೊಪೇನ್‌ಗೆ ಜೋಡಿಸುವುದು ಅಪಾಯದ ತಪ್ಪು. ಒಂದು ಘನ ಅಡಿ ನೈಸರ್ಗಿಕ ಅನಿಲದ ಶಾಖ ಸುಮಾರು 1,000 ಬಿಟಿಯು, ಪ್ರೊಪೇನಿನದು ಸುಮಾರು 2,500. ಹಳೆಯ ರಂಧ್ರದಿಂದ ಎರಡೂವರೆ ಪಟ್ಟು ಶಾಖದ ಅನಿಲ ನುಗ್ಗಿದರೆ ಜ್ವಾಲೆ ಮಿತಿಮೀರುತ್ತದೆ, ಮಸಿ ಹಿಡಿಯುತ್ತದೆ, ಇಂಗಾಲದ ಮೊನಾಕ್ಸೈಡ್ ಹುಟ್ಟುತ್ತದೆ. ತಯಾರಕರೇ ಕೊಡುವ ಕಿಟ್‌ನಿಂದ ಬರ್ನರಿನ ರಂಧ್ರವನ್ನೂ ರೆಗ್ಯುಲೇಟರ್ ಸ್ಪ್ರಿಂಗನ್ನೂ ಬದಲಿಸಬೇಕು.

ಹೊಗೆ ಕೊಳವೆಯಿಲ್ಲದ ಹೀಟರುಗಳ ವಿಷಯದಲ್ಲಿ ಮಿತಿಗಳಿವೆ. ಕೋಣೆಯ ಆಮ್ಲಜನಕ ಸುಮಾರು ನೂರಕ್ಕೆ 18ಕ್ಕೆ ಇಳಿದರೆ ಅನಿಲ ನಿಲ್ಲಿಸುವ ಸಂವೇದಕ ಅವುಗಳಲ್ಲಿರುತ್ತದೆ. ಅವುಗಳಿಗೆ ಅವಕಾಶವಿರುವ ಕಡೆ ಮಲಗುವ ಕೋಣೆಗೆ 10,000, ಸ್ನಾನದ ಕೋಣೆಗೆ 6,000 ಬಿಟಿಯು ಗರಿಷ್ಠ. ಕ್ಯಾಲಿಫೋರ್ನಿಯಾ ಮನೆಗಳಲ್ಲಿ ಅವುಗಳನ್ನೇ ನಿಷೇಧಿಸಿದೆ. ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಕ್ಕೇ ಬಿಡುವ ಹೀಟರ್, ಮನೆಮಂದಿ ಮಲಗಿ ನಿದ್ರಿಸುವ ಮನೆಗೆ ಯಾವಾಗಲೂ ಮೇಲು.

ಪರೀಕ್ಷೆ

ಪೈಪು ಜೋಡಿಸಿದ ಮೇಲೆ, ಹೀಟರ್ ಸೇರಿಸುವ ಮೊದಲು ಒತ್ತಡ ಪರೀಕ್ಷೆ ನಡೆಯುತ್ತದೆ. ಗಾಳಿ ಅಥವಾ ಸಾರಜನಕ ತುಂಬಿಸಿ, ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ, ಯಾವ ಸಂದರ್ಭದಲ್ಲೂ 3 ಪಿಎಸ್‌ಐಗೆ ಕಡಿಮೆಯಾಗದಂತೆ ಏರಿಸುತ್ತಾರೆ. ಒಂಟಿ ಕುಟುಂಬದ ಮನೆಯಲ್ಲಿ ಕನಿಷ್ಠ 10 ನಿಮಿಷ ಮುಳ್ಳು ಕದಲಬಾರದು. ಆಮ್ಲಜನಕವನ್ನು ಈ ಕೆಲಸಕ್ಕೆ ಎಂದೂ ಬಳಸಬಾರದು. ಆಮೇಲೆ ಅನಿಲ ಬಿಟ್ಟು ಪ್ರತಿ ಜಾಯಿಂಟಿಗೂ ಸಾಬೂನು ನೊರೆ ಹಚ್ಚಿ ನೋಡುತ್ತಾರೆ. ಗುಳ್ಳೆ ಎದ್ದಲ್ಲಿ ಸೋರಿಕೆ ಇದೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದು ಜೀವಕ್ಕೇ ಎರವು.

ಟ್ಯಾಂಕ್ ಪೂರ್ತಿ ಬರಿದಾದ ಮೇಲೆ ಮತ್ತೆ ತುಂಬಿಸಿದಾಗಲೂ ಸೋರಿಕೆ ಪರೀಕ್ಷೆ ಮಾಡಬೇಕು. ಅನಿಲ ನಿಂತಿದ್ದಾಗ ಯಾರೋ ತೆರೆದಿಟ್ಟ ವಾಲ್ವ್, ಆರಿಹೋದ ಪೈಲಟ್ ಜ್ವಾಲೆ ಮನೆಯೊಳಗೆ ಹಾಗೆಯೇ ಉಳಿದಿರಬಹುದು.

ಅಪಘಾತಗಳು ಕಲಿಸಿದ ಪಾಠ

1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಊರಿನ ಶಾಲೆಯ ಅಡಿಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ತುಂಬಿಕೊಂಡಿತ್ತು. ಸ್ಫೋಟದಲ್ಲಿ ಸುಮಾರು 300 ಮಂದಿ ಸತ್ತರು, ಬಹುಪಾಲು ಮಕ್ಕಳು. ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂಬ ಕಾನೂನು ಹುಟ್ಟಿದ್ದು ಆ ದುರಂತದಿಂದ.

2009ರ ಜೂನ್ 9ರಂದು ನಾರ್ತ್ ಕ್ಯಾರೊಲಿನಾದ ಗಾರ್ನರ್‌ನ ಆಹಾರ ಕಾರ್ಖಾನೆಯೊಂದರಲ್ಲಿ ಹೊಸ ನೀರಿನ ಹೀಟರ್ ಅಳವಡಿಸುತ್ತಿದ್ದರು. ಪೈಪಿನೊಳಗಿನ ಗಾಳಿಯನ್ನು ಹೊರದೂಡಲು ನೈಸರ್ಗಿಕ ಅನಿಲವನ್ನು ಕಟ್ಟಡದೊಳಗೇ ಬಿಟ್ಟರು. ವಾಸನೆಗೆ ಮೂಗು ಒಗ್ಗಿಹೋಗಿ ಅಪಾಯದ ಮಟ್ಟ ತಿಳಿಯಲಿಲ್ಲ. ಸ್ಫೋಟಕ್ಕೆ ನಾಲ್ವರು ಬಲಿಯಾದರು. ಪೈಪು ಶುದ್ಧಿಯ ಅನಿಲವನ್ನು ಹೊರಗೆ ಬಿಡಬೇಕು, ಮೂಗನ್ನು ನಂಬದೆ ಅನಿಲಮಾಪಕ ಬಳಸಬೇಕು ಎಂಬ ಬಿಗಿ ನಿಯಮ ಆಮೇಲೆ ಬಂತು.

2019ರ ಸೆಪ್ಟೆಂಬರ್ 16ರಂದು ಮೇನ್ ರಾಜ್ಯದ ಫಾರ್ಮಿಂಗ್ಟನ್‌ನಲ್ಲಿ ನಡೆದದ್ದು ಪ್ರೊಪೇನ್ ಮಾರ್ಗದ ದುರಂತವೇ. ಕೆಲವು ದಿನಗಳ ಹಿಂದೆ ಕಚೇರಿ ಕಟ್ಟಡವೊಂದರ ಪಕ್ಕ ಕಂಬ ನೆಡಲು ನೆಲ ಕೊರೆದಾಗ ಹೂತಿದ್ದ ಪೈಪು ತುಂಡಾಗಿತ್ತು. ಅನಿಲ ಮಣ್ಣಿನ ಮೂಲಕ ಹರಿದು ನೆಲಮಾಳಿಗೆ ಸೇರಿತ್ತು. ವಾಸನೆಯ ಕರೆಗೆ ಬಂದ ಅಗ್ನಿಶಾಮಕ ದಳದ ಕ್ಯಾಪ್ಟನ್ ಒಬ್ಬರು ಪ್ರಾಣ ತೆತ್ತರು, ಹಲವರು ಗಾಯಗೊಂಡರು. ಅಗೆಯುವ ಮೊದಲು 811 ಸಂಖ್ಯೆಗೆ ಕರೆ ಮಾಡುವ ವ್ಯವಸ್ಥೆ ಅಮೆರಿಕದಲ್ಲಿ 2007ರಿಂದ ಇದೆ. ಆದರೆ ಆ ಸೇವೆ ಸಾಮಾನ್ಯವಾಗಿ ಸಾರ್ವಜನಿಕ ಕಂಪನಿಗಳ ಮಾರ್ಗಗಳನ್ನು ಗುರುತು ಮಾಡುತ್ತದೆ. ಸ್ವಂತ ಟ್ಯಾಂಕಿನಿಂದ ಮನೆಗೆ ಬರುವ ಖಾಸಗಿ ಪೈಪು ಹಲವೆಡೆ ಅದರ ಪಟ್ಟಿಯಲ್ಲೇ ಇರುವುದಿಲ್ಲ. ಮಣ್ಣು ಕೆಲವೊಮ್ಮೆ ಅನಿಲದ ವಾಸನೆಯನ್ನೂ ಹೀರಿಬಿಡುತ್ತದೆ. ಹಾಗಾಗಿ ಪೈಪು ಎಲ್ಲಿ ಹೂತಿದೆ ಎಂಬ ನಕ್ಷೆ ಮನೆಯ ಕಾಗದಪತ್ರಗಳೊಡನೆ ಇರಲೇಬೇಕು.

ಕನ್ನಡಿಗರಿಗೆ ಸಂಬಂಧಿಸಿದಂತೆ

ಕರ್ನಾಟಕದ ಅಡುಗೆಮನೆಯ 14.2 ಕಿಲೋ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಬ್ಯೂಟೇನಿನ ಕುದಿಬಿಂದು ಶೂನ್ಯಕ್ಕೆ ತುಸು ಕೆಳಗೆ. ನಮ್ಮ ಹವೆಗೆ ಅದು ಹೊಂದುತ್ತದೆ. ಹಿಮದ ನಾಡಿನಲ್ಲಿ ಹೊರಗಿಟ್ಟರೆ ಆವಿಯಾಗದೆ ನಿಲ್ಲುತ್ತದೆ. ಅಲ್ಲಿ ಶುದ್ಧ ಪ್ರೊಪೇನ್ ಬಳಸುವುದಕ್ಕೆ ಇದೇ ಕಾರಣ. ನಮ್ಮ ಸಿಲಿಂಡರಿನ ರೆಗ್ಯುಲೇಟರ್ ಕೊಡುವ ಒತ್ತಡ ನೀರಿನ ಸ್ತಂಭದ ಸುಮಾರು 300 ಮಿಲಿಮೀಟರ್, ಅಂದರೆ 12 ಅಂಗುಲಕ್ಕೆ ತುಸು ಕಡಿಮೆ. ಬರ್ನರಿನ ಬಳಿ ಎರಡೂ ನಾಡುಗಳ ಒತ್ತಡ ಹೆಚ್ಚುಕಡಿಮೆ ಒಂದೇ. ಬೆಂಗಳೂರಿನ ಹಲವು ಅಪಾರ್ಟ್‌ಮೆಂಟುಗಳಲ್ಲಿ ನೆಲಮಟ್ಟದ ಗ್ಯಾಸ್ ಬ್ಯಾಂಕಿನಿಂದ ಮನೆಮನೆಗೆ ಪೈಪಿನಲ್ಲಿ ಎಲ್‌ಪಿಜಿ ಹರಿಯುತ್ತದೆ. ಹೊರಗೆ ಸಂಗ್ರಹ, ಒಳಗೆ ಇಳಿಸಿದ ಒತ್ತಡ ಎಂಬ ತತ್ವ ಅಲ್ಲಿಯೂ ಇದೇ.

ಅಮೆರಿಕ, ಕೆನಡಾಗಳ ಊರಾಚೆ ಮನೆ ಕೊಳ್ಳುವ ಕನ್ನಡಿಗರಿಗೆ ಅಂಗಳದ ಪ್ರೊಪೇನ್ ಟ್ಯಾಂಕ್ ಹೊಸ ಅನುಭವ. ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡುವ ನಮ್ಮ ಮನೆಗಳ ಅಭ್ಯಾಸ, ಇರುಳೆಲ್ಲ ಉರಿಯಬೇಕಾದ ಹೀಟರಿಗೆ ಹೊಂದುವುದಿಲ್ಲ. ಆದರೆ ಅದರ ಹಿಂದಿನ ಎಚ್ಚರ ಅಲ್ಲಿಯೂ ಬೇಕು.

ಮನೆಯವರ ಹೊಣೆ

ಅನಿಲ ಮಾರ್ಗದ ಜೋಡಣೆ ಪರವಾನಗಿ ಪಡೆದ ತಂತ್ರಜ್ಞರ ಕೆಲಸ. ಮನೆಯವರು ಅರಿತಿರಬೇಕಾದ್ದು ಇಷ್ಟು: ಟ್ಯಾಂಕಿನ ಮುಖ್ಯ ವಾಲ್ವ್ ಎಲ್ಲಿದೆ, ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಮುಚ್ಚುತ್ತದೆ, ಪೈಪು ಯಾವ ದಾರಿಯಲ್ಲಿ ಹೂತಿದೆ, ರೆಗ್ಯುಲೇಟರ್ ಹಾಕಿ ಎಷ್ಟು ವರ್ಷವಾಯಿತು. ತಯಾರಕರು ಸೂಚಿಸಿದ ಅವಧಿ ಮುಗಿದ ರೆಗ್ಯುಲೇಟರನ್ನು ಕೆಡುವವರೆಗೆ ಕಾಯದೆ ಬದಲಿಸಬೇಕು. ಹೀಟರಿರುವ ಪ್ರತಿ ಮನೆಯಲ್ಲೂ ಇಂಗಾಲದ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಇರಬೇಕು. ಪ್ರೊಪೇನ್ ಶೋಧಕವಿದ್ದರೆ ಅದನ್ನು ನೆಲದ ಹತ್ತಿರ ಅಳವಡಿಸಬೇಕು.

ವಾಸನೆ ಬಂದ ಕೂಡಲೇ ಯಾವ ಸ್ವಿಚ್ಚನ್ನೂ ಮುಟ್ಟದೆ, ಫೋನ್ ಎತ್ತದೆ ಎಲ್ಲರೂ ಹೊರಗೆ ಹೋಗಬೇಕು. ಅಪಾಯವಿಲ್ಲದಿದ್ದರೆ ಟ್ಯಾಂಕಿನ ವಾಲ್ವ್ ಮುಚ್ಚಿ, ದೂರ ಸರಿದ ಮೇಲೆ ಅಗ್ನಿಶಾಮಕ ದಳಕ್ಕೆ ಕರೆ ಮಾಡಬೇಕು. ತಂತ್ರಜ್ಞರು ಬಂದು ಪರೀಕ್ಷಿಸಿ ಸರಿಯಿದೆ ಎನ್ನುವವರೆಗೆ ಯಾರೂ ಒಳಗೆ ಕಾಲಿಡಬಾರದು.